ಬ್ಯಾಗೇಜ್ ಇಲ್ಲದ ಟಿಕೆಟ್

ಕಂದು ಬಣ್ಣದ ಪ್ಯಾಕಿಂಗ್ ಟೇಪಿಗೆ ಒಂದು ವಾಸನೆ ಇದೆ. ಗೋಂದು, ಸೀಮೆಎಣ್ಣೆ, ಬಿಸಿಲಿನಲ್ಲಿ ಕಾದ ಪ್ಲಾಸ್ಟಿಕ್ಕು ಮೂರೂ ಸೇರಿದ ಹಾಗೆ. ಬೇರೆಯವರಿಗೆ ಅದು ಬರೀ ಟೇಪು. ಕೊಲ್ಲಿಯಲ್ಲಿ ದುಡಿಯುವವರಿಗೆ ಊರಿನ ಮೊದಲ ವಾಸನೆ. ಕಳೆದ ವಾರ ಅಬುಧಾಬಿಯ ನನ್ನ ಈಗಿನ ಆಫೀಸಿನಲ್ಲಿ, ಊರಿಗೆ ಹೊರಟಿದ್ದ ಸಹೋದ್ಯೋಗಿಯೊಬ್ಬ ಊಟದ ಬಿಡುವಿನಲ್ಲಿ ಮೇಜಿನ ಪಕ್ಕದಲ್ಲೇ ಕಾರ್ಟನ್ ಕಟ್ಟಲು ಕೂತ. ಟೇಪು ಎಳೆಯುವಾಗಿನ ಚರ್ರನೆಯ ಸದ್ದನ್ನು ನಾನು ಬಾಯಲ್ಲೇ ಮಾಡಬಲ್ಲೆ. ಮಾಡಿದೆ. ಅವನು ಗಾಬರಿಯಾಗಿ ಕಾರ್ಟನ್ನಿನ ತಳ ಬಿಚ್ಚಿತೇನೋ ಎಂದು ಬಗ್ಗಿ ನೋಡಿದ. ಎಲ್ಲರೂ ನಕ್ಕರು. ನಾನು ಮಾತ್ರ ನಗುವುದನ್ನು ಮರೆತೆ. ದುಬೈಯ ಅಲ್ ಬರ್ಷಾದ ಅಕ್ಕನ ಮನೆಯೂ ಅಲ್ಲಿಯ ಒಂದು ಬೇಸಿಗೆಯೂ ಅಷ್ಟರಲ್ಲಿ ಮೂಗಿನೊಳಗೆ ಬಂದು ಕೂತಿದ್ದವು. ಆ ಮನೆಯಿಂದ ಮೂರು ಜನ, ಒಂದು ಗೇಣು ಟೇಪನ್ನೂ ಹಚ್ಚದೆ ವಿಮಾನ ಹತ್ತಿದ ಬೇಸಿಗೆ ಅದು.

ಆಗ ನಾನು ದುಬೈಗೆ ಬಂದು ಎರಡನೇ ವರ್ಷ. ಕೆಲಸ ಸಿಲಿಕಾನ್ ಓಯಸಿಸ್‌ನ ಒಂದು ಕಂಪನಿಯಲ್ಲಿ. ಗಿರಾಕಿಗಳ ಬೈಗುಳವನ್ನು ಫೋನಿನಲ್ಲಿ ಕೇಳಿಸಿಕೊಂಡು ಕೊನೆಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಸ್ ಹೇಳುವುದು. ವಾಸ ಅಕ್ಕ ಭಾವನ ಮನೆಯ ಹಾಲಿನ ಸೋಫಾದ ಮೇಲೆ. ಬಾಡಿಗೆ ಕೊಡುವಷ್ಟು ಸಂಬಳ ಇಲ್ಲದ್ದರಿಂದ ಮನರಂಜನೆ ಕೊಡುತ್ತಿದ್ದೆ. ಮೆಟ್ರೋದ ಬಾಗಿಲು ಮುಚ್ಚುವಾಗ ಎಚ್ಚರಿಸುವ ಹೆಂಗಸು, ಎಲ್ಲದಕ್ಕೂ "ಖಲಾಸ್" ಎನ್ನುವ ಭಾವನ ಮ್ಯಾನೇಜರು, ಊರಿನಿಂದ ಫೋನು ಮಾಡುವ ಅಕ್ಕನ ಅತ್ತೆ, ಎಲ್ಲರೂ ನನ್ನ ಗಂಟಲಿನಲ್ಲಿ ಬೆಡ್‌ಸ್ಪೇಸ್, ಅಂದರೆ ಒಂದು ಮಂಚದಷ್ಟು ಬಾಡಿಗೆ ಜಾಗ, ಹಿಡಿದಿದ್ದರು. ಎಲ್ಲರಿಗಿಂತ ದೊಡ್ಡ ಐಟಂ ಜಯಕರ ಭಾವನೇ. ಅವರು ಒಂದು ಕಾಂಟ್ರಾಕ್ಟಿಂಗ್ ಕಂಪನಿಯ ಅಕೌಂಟೆಂಟ್. ಬಾಯಿ ಬಿಡುವ ಮೊದಲು, ತುಕ್ಕು ಹಿಡಿದ ಗೇಟು ತೆಗೆದ ಹಾಗೆ ಗಂಟಲಿನಲ್ಲಿ ಒಂದು ಸದ್ದಾಗುತ್ತಿತ್ತು: "ಹ್ಞಾಂ... ನೋಡುವ." ನನ್ನ ಸ್ವಂತ ದನಿ ಯಾವುದೆಂದು ಮಾತ್ರ ಕೇಳಬೇಡಿ. ಅದನ್ನು ಕಂಪನಿಗೆ ಮಾಸಿಕ ಲೆಕ್ಕದಲ್ಲಿ ಮಾರಿಬಿಟ್ಟಿದ್ದೆ.

ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಬೈಗುಳಗಳು ಸ್ವಲ್ಪ ಸೋರಿಹೋಗಿವೆ.

ಜುಲೈ ತಿಂಗಳು. ಲಾಬಿಯಿಂದ ಹೊರಗೆ ಕಾಲಿಟ್ಟರೆ ಕನ್ನಡಕ ಬೆಳ್ಳಗಾಗಿ ಮುಂದಿರುವುದು ಕಾರೋ ಒಂಟೆಯೋ ತಿಳಿಯದಂಥ ಸೆಕೆ. ಶಾಲೆಗೆ ರಜೆ ಸಿಕ್ಕಿ, ಮಂಗಳೂರಿನ ಟಿಕೆಟ್ ದರ ಆಕಾಶಕ್ಕೇರಿತ್ತು. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡಿಕೊಳ್ಳುವ ಹಾಗೆ ಭಾವ ದಿನಾ ಬೆಳಿಗ್ಗೆ ರಾತ್ರಿ ಆ ದರ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಆಗಲೇ ಒಂದು ಶುಕ್ರವಾರ ಸಂಜೆ ರಫೀಕಣ್ಣ ದೇರಾದ ಮೀನು ಮಾರ್ಕೆಟಿನಿಂದ ಬಂಗುಡೆ ಹಿಡಿದುಕೊಂಡು ಬಂದರು. ಅವರು ದೇರಲಕಟ್ಟೆಯ ಬ್ಯಾರಿ. ಭಾವನ ಹಳೆಯ ರೂಮ್‌ಮೇಟ್. ದೇರಾದಲ್ಲಿ ಆಟದ ಸಾಮಾನಿನ ಹೋಲ್‌ಸೇಲ್ ಅಂಗಡಿ ಇಟ್ಟುಕೊಂಡು, ಸರಕು ತರಲು ಆಗಾಗ ಚೀನಾದ ಗ್ವಾಂಗ್‌ಝೌಗೆ ಹೋಗಿ ಬರುವವರು.

ಭಾವನ ಫೋನಿನಲ್ಲಿ ಮಂಗಳೂರಿನ ದರ ನೋಡಿ ರಫೀಕಣ್ಣ ಹೇಳಿದರು, "ಜಯಣ್ಣ, ಈ ದುಡ್ಡಿಗೆ ನಾನು ಗ್ವಾಂಗ್‌ಝೌಗೆ ಹೋಗಿ, ನಾಲ್ಕು ದಿನ ಇದ್ದು, ವಾಪಸ್ ಬಂದು, ಉಳಿದದ್ದರಲ್ಲಿ ನಿನಗೊಂದು ಬಿರಿಯಾನಿ ಸಹ ತಿನ್ನಿಸ್ತೇನೆ."

ನಾವು ನಕ್ಕೆವು. ಅಡುಗೆಮನೆಯಿಂದ ಅಕ್ಕ ಮೀನಿನ ಕೈಯಲ್ಲೇ ಹೊರಗೆ ಬಂದಳು.

"ಅಲ್ಲಿಗೆ ಹೋಗುವ," ಅಂದಳು.

"ಎಲ್ಲಿಗೆ, ಚೀನಾಕ್ಕಾ?" ಅಂದರು ಭಾವ.

"ಎಲ್ಲಿಗಾದ್ರೂ ಆಗ್ತದೆ. ನಾಲ್ಕು ದಿನ. ನಾನು ಅಡುಗೆ ಮಾಡದ ಕಡೆ."

ಇದರ ತೂಕ ತಿಳಿಯಬೇಕಾದರೆ ನಮ್ಮವರ ರಜೆ ಎಂದರೆ ಏನೆಂದು ತಿಳಿದಿರಬೇಕು. ನಮ್ಮಲ್ಲಿ ಲೀವ್ ಎಂದರೆ ಊರು, ಊರು ಎಂದರೆ ಲೀವ್. ನಡುವೆ ಇನ್ನೊಂದು ದೇಶ ಇಲ್ಲ. ಅಕ್ಕ ಮದುವೆಯಾಗಿ ಬಂದಂದಿನಿಂದ ಪ್ರತಿ ಬೇಸಿಗೆಯಲ್ಲೂ ಕಾರ್ಟನ್ ಕಟ್ಟಿ ಹೋಗಿದ್ದಾಳೆ. ಕಟಪಾಡಿಯ ಅತ್ತೆ ಮನೆ ಮುಟ್ಟಿ, ಸೋಪು, ಸೆಂಟು, ಬಾದಾಮಿ ಹಂಚಿ, ಸೀರೆ ಬದಲಿಸಿ, ನೇರ ಒಲೆಯ ಮುಂದೆ. "ದುಬೈಯ ಸೊಸೆ ಬಂದಿದ್ದಾಳೆ" ಎಂದು ನೋಡಲು ಬಂದವರಿಗೆಲ್ಲ ಆ ದುಬೈಯ ಸೊಸೆಯೇ ಚಹಾ ಮಾಡಬೇಕು. ಮದುವೆ, ಗೃಹಪ್ರವೇಶ, ಸತ್ತವರ ಬೊಜ್ಜ, ದೈವದ ಕೋಲ ಎಲ್ಲದಕ್ಕೂ ಹೋಗಿ ಮುಖ ತೋರಿಸಬೇಕು. ವಾಪಸ್ ಬರುವ ವಿಮಾನದಲ್ಲಿ ಊಟ ಬರುವ ಮೊದಲೇ ಅವಳಿಗೆ ನಿದ್ದೆ. ಇಷ್ಟು ವರ್ಷ ಇದಕ್ಕೆಲ್ಲ ಅವಳು ಹೇಳಿದ್ದು ಒಂದೇ ಮಾತು, "ಆಯ್ತು." "ಹೋಗುವ" ಎಂದು ಅವಳೇ ಮೊದಲು ಹೇಳಿದ್ದನ್ನು ಅಂದೇ ನಾನು ಕೇಳಿದ್ದು. ಭಾವನೂ ಅಂದೇ ಕೇಳಿದ್ದಿರಬೇಕು. ಗೇಟು ತೆಗೆದ ಸದ್ದು ಬಂತು, ಮಾತು ಬರಲಿಲ್ಲ. ಊರಿಗೆ ಚಳಿಗಾಲದಲ್ಲಿ ಹೋದರಾಯಿತು ಎಂದು ತೀರ್ಮಾನವಾಯಿತು.

ಒಪ್ಪಿದ ಮೇಲೆ ಭಾವನನ್ನು ತಡೆಯುವವರಿಲ್ಲ. ತಯಾರಿ ಎಂದರೆ ಅವರಿಗೆ ಆಡಿಟ್. ಅಲ್ಲಿ ನೋಟು ನಡೆಯುವುದು ಕಡಿಮೆ, ಎಲ್ಲ ಫೋನಿನಲ್ಲೇ ಪಾವತಿ ಎಂದು ರಫೀಕಣ್ಣ ಹೇಳಿದ್ದರಿಂದ, ಆ್ಯಪ್ ಇಳಿಸಿಕೊಂಡು ಕಾರ್ಡು ಜೋಡಿಸಿ ಕೂತರು. ನಮ್ಮ ಮಾತನ್ನು ಚೀನಿ ಭಾಷೆಗೆ ತಿರುಗಿಸುವ ಆ್ಯಪಿಗೆ "ಇದರಲ್ಲಿ ಯಾವ ಮಾಂಸ ಉಂಟು" ಎಂದು ಇಂಗ್ಲಿಷಿನಲ್ಲಿ ಹೇಳಿ ಹೇಳಿ ಅಭ್ಯಾಸ ಮಾಡಿದರು. ಫೋನಿನೊಳಗಿನ ಚೀನೀ ಹುಡುಗಿಯ ಉತ್ತರವನ್ನು ನಾನು ಅನುಕರಿಸಿದರೆ ಅಕ್ಕನ ಮಗಳು ಅನ್ವಿ, ಹತ್ತು ವರ್ಷದವಳು, ಕಣ್ಣು ಮೇಲೆ ಮಾಡಿ, "ಮಾಮ, ಸ್ಟಾಪ್. ಯು ಸೌಂಡ್ ಲೈಕ್ ಅ ಡಕ್," ಅನ್ನುತ್ತಿದ್ದಳು.

ಭಾನುವಾರ ಬೆಳಿಗ್ಗೆ ನೀರ್ದೋಸೆ ತಿನ್ನುತ್ತಿರುವಾಗ ಭಾವ ಬಜೆಟ್ ಮಂಡಿಸಿದರು. ಮಂಡಿಸಿದರು ಎಂಬ ಮಾತು ಉತ್ಪ್ರೇಕ್ಷೆಯಲ್ಲ; ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ, ಎದ್ದು ನಿಂತು ಓದಿದರು. ಟಿಕೆಟ್, ವೀಸಾ, ಹೋಟೆಲು, ಮೆಟ್ರೋ, ನದಿಯಲ್ಲಿ ದೋಣಿ ಸವಾರಿ, ಟವರಿನ ಪ್ರವೇಶ, ಮಳೆ ಬಂದರೆ ಕೊಡೆ. ಅನ್ವಿ ದೋಸೆ ಮಡಚುತ್ತ ಕೇಳಿದಳು, "ಪಪ್ಪಾ, ವೈ ಈಸ್ ಫುಡ್ ಜೀರೋ?"

"ಹ್ಞಾಂ... ನೋಡುವ. ಅದು ಜೀರೋ ಅಲ್ಲ ಮಗಾ, ಉಳಿತಾಯ. ಸಣ್ಣ ರೈಸ್ ಕುಕ್ಕರ್ ತಕ್ಕೊಂಡು ಹೋಗುದು. ಕುಚ್ಚಲಕ್ಕಿ, ಉಪ್ಪಿನಕಾಯಿ, ಒಣಸಿಗಡಿ ಚಟ್ನಿ. ಬೆಳಿಗ್ಗೆ ಅಮ್ಮ ಒಂದು ಗಂಜಿ ಮಾಡಿಟ್ರೆ ಆಯ್ತು, ರಾತ್ರಿಗೆ ಒಂದು ಅನ್ನ. ಎಷ್ಟು ಹೊತ್ತಿನ ಕೆಲಸ ಅದು?"

ಇದರಲ್ಲಿ ಭಾವನೊಬ್ಬರದ್ದೇ ಏನೂ ವಿಶೇಷವಿಲ್ಲ. ನಮ್ಮವರು ಲಂಡನ್ನಿಗೆ ಹೋದರೂ ಇಸ್ತಾಂಬುಲ್ಲಿಗೆ ಹೋದರೂ ಹೋಟೆಲು ರೂಮಿನಲ್ಲಿ ಮೊದಲು ನೋಡುವುದು ಕಿಟಕಿಯನ್ನಲ್ಲ, ಪ್ಲಗ್ ಪಾಯಿಂಟನ್ನು. ಬಚ್ಚಲಿನಲ್ಲಿ ಕುಕ್ಕರಿಟ್ಟು, ಹೊಗೆಯ ಅಲಾರಂ ಕೂಗದ ಹಾಗೆ ಬಾಗಿಲಿನ ಸಂದಿಗೆ ಟವೆಲು ಹಾಕಿ ಅನ್ನ ಬೇಯಿಸಿದ ವೀರಗಾಥೆಗಳು ಪ್ರತಿ ಮನೆಯಲ್ಲೂ ಇವೆ. ನಾನು ಕುಕ್ಕರಿನ ಗುಳಗುಳ ಮಾಡಿ ತೋರಿಸಿದೆ. ಅನ್ವಿ ನಕ್ಕಳು, ಭಾವನೂ ನಕ್ಕರು.

"ಆಯ್ತು," ಎಂದಳು ಅಕ್ಕ, ದೋಸೆ ಹುಯ್ಯಲು ಎದ್ದು ಹೋದಳು. ಅವಳು ಕೇಳಿದ್ದು ನಾಲ್ಕು ದಿನ. ಅದು ಅಲ್ಲೇ ಟೀವಿಯ ಮೇಲೆ ಬೆಂದು ಹೋಗಿತ್ತು.

ಅಷ್ಟರಲ್ಲಿ ಸುದ್ದಿ ವಾಟ್ಸಾಪಿನಲ್ಲಿ ಹೊರಟಿತ್ತು. ಯಾರಾದರೂ ವಿಮಾನ ಹತ್ತುತ್ತಾರೆಂದರೆ ಅವರ ಬ್ಯಾಗಿನ ಮೂವತ್ತು ಕಿಲೋ ಅವರದ್ದಲ್ಲ, ಊರ ಹತ್ತು ಸಮಸ್ತರದ್ದು. ಕೇಳುವುದು ಹಕ್ಕು, ಇಲ್ಲ ಎನ್ನುವುದು ಅಹಂಕಾರ. ಕೆಳಗಿನ ಫ್ಲೋರಿನ ವಿಮಲಕ್ಕನಿಗೆ ಮೊಮ್ಮಗುವಿನ ತಳ್ಳುಗಾಡಿ ಬೇಕಿತ್ತು. ಭಾವನ ಆಫೀಸಿನವರಿಗೆ ಲೈಟು, ಮೀನು ಹಿಡಿಯುವ ರಾಡು. ರಫೀಕಣ್ಣನಿಗೆ ಹೋಗುವಾಗ ಅಲ್ಲಿ ತನಗೆ ಸರಕು ಕೊಡುವ ಪಾರ್ಟಿಗೆ ಖರ್ಜೂರ, ಬರುವಾಗ ಸ್ಯಾಂಪಲ್. ಆ ಪಾರ್ಟಿ ಹೋಟೆಲಿಗೇ ತಂದು ಕೊಡುತ್ತಾನೆ, ಅಕ್ಕ ರೂಮಿನಲ್ಲಿ ಇದ್ದರೆ ಸಾಕು. ಹೇಗೂ ಗಂಜಿ ಬೇಯಿಸಲು ಇರುತ್ತಾಳಲ್ಲ.

ಮುಂದಿನ ಶನಿವಾರ ಭಾವ ಅನ್ವಿಯನ್ನು ಈಜಿಗೆ ಕರೆದುಕೊಂಡು ಹೋಗಿದ್ದಾಗ ಅಕ್ಕ ಸೋಫಾದ ತುದಿಯಲ್ಲಿ ಬಂದು ಕೂತಳು.

"ನಂಗೆ ಇಲ್ಲ ಹೇಳ್ಲಿಕ್ಕೆ ಬರುದಿಲ್ಲ ಮಾರಾಯ," ಅಂದಳು.

"ಕಲಿಸ್ತೇನೆ. ಫೀಸು ಎರಡು ಬಂಗುಡೆ ಫ್ರೈ."

ನಾನು ಗಂಟಲು ಸಣ್ಣ ಮಾಡಿ ವಿಮಲಕ್ಕನಾದೆ. "ಸುಜೀ, ನಿನ್ನಿಂದ ಒಂದು ಸಣ್ಣ ಉಪಕಾರ ಆಗ್ಬೇಕಿತ್ತಲ್ಲಾ..."

"ಆಯ್ತು ವಿಮಲಕ್ಕ."

"ಅಕ್ಕಾ, ನಾನಿನ್ನೂ ಎಂತ ಅಂತ ಹೇಳಲೇ ಇಲ್ಲ."

ಅವಳಿಗೇ ನಗು ಬಂತು. ಎರಡನೆಯ ಪಾಠಕ್ಕೆ ರಫೀಕಣ್ಣ ಬಂದರು. "ಸುಜಿಯಕ್ಕಾ, ಹತ್ತೇ ಕಿಲೋ. ನಿಮಗೆ ಗೊತ್ತೇ ಆಗುದಿಲ್ಲ."

"ಜಾಗ ಕಮ್ಮಿ ಉಂಟು ರಫೀಕಣ್ಣ."

"ಹಾಗಾದ್ರೆ ಎಂಟು."

"...ಆಯ್ತು."

ನೈಟಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನನಗೆ ಉತ್ಸಾಹ ಏರಿತು. ಕಟಪಾಡಿಯ ಅತ್ತೆಯನ್ನು ತಂದೆ; ನನ್ನ ಖಜಾನೆಯ ಒಳ್ಳೆಯ ಸರಕು. "ಈ ವರ್ಷ ನೀವು ಇಲ್ವಂತೆ. ಇರ್ಲಿ ಇರ್ಲಿ. ನೀವು ಸುಖದಲ್ಲಿದ್ರೆ ಸಾಕು, ನಮಗೆಂತ..."

ಅಕ್ಕನ ನಗು ಹೋಯಿತು. "ಅತ್ತೇ," ಎಂದು ಶುರು ಮಾಡಿದಳು. ಮುಂದೆ ಏನೂ ಬರಲಿಲ್ಲ. ಎದುರಿಗಿರುವುದು ತಮ್ಮ ಎಂದು ಗೊತ್ತಿದ್ದೂ ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಎಲ್ಲರದ್ದೂ ಮಾಡ್ತಿ. ನನ್ನದು ಮಾಡು ನೋಡುವ."

ಬಾಯಿ ತೆರೆದೆ. ಅಣಕಿಸುವವನಿಗೆ ಹಿಡಿದುಕೊಳ್ಳಲು ಒಂದು ಕೊಕ್ಕೆ ಬೇಕು. ಒಂದು ರಾಗ, ಒಂದು ಹಠ, ಪದೇ ಪದೇ ಬರುವ ಒಂದು ದೂರು. ಹುಟ್ಟಿದಂದಿನಿಂದ ಕೇಳಿದ ದನಿಯಲ್ಲಿ ನನಗೆ ಅಂಥದ್ದೇನೂ ಸಿಗಲಿಲ್ಲ. ಕೊನೆಗೆ, ಎರಡನೆಯ ಅಕ್ಷರ ನುಂಗಿಹೋಗುವ ಹಾಗೆ ಮೆಲ್ಲಗೆ ಹೇಳಿದೆ: "ಆಯ್ತು."

"ಅಷ್ಟೇಯಾ?"

"ಅಷ್ಟೇ ಸಿಗುದು ಅಕ್ಕ."

ಅವಳು ಸಿಟ್ಟಾಗಲಿಲ್ಲ. ಎದ್ದು ಹೋಗಿ ಫೀಸಿನ ಬಂಗುಡೆಗೆ ಮಸಾಲೆ ಹಚ್ಚಿದಳು. ಆ ದಿನದ ಬಂಗುಡೆ ತಿನ್ನುವಾಗ ನಾನು ಯಾರನ್ನೂ ಅಣಕಿಸಲಿಲ್ಲ.

ಟಿಕೆಟು ತೆಗೆಯುವ ಕೆಲಸ ನನ್ನದು. ನಾನು ಕಂಪ್ಯೂಟರಿನ ಮುಂದೆ ಕೂರುವವನಾದ್ದರಿಂದ ನನಗೆ ಕಂಪ್ಯೂಟರು ಗೊತ್ತು ಎಂಬುದು ಭಾವನ ನಂಬಿಕೆ. ಮರುದಿನ ಸಂಜೆ ಅವರ ಕಾರ್ಡು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಾಗ ಅಕ್ಕ ಬಂದು ಭುಜದ ಮೇಲಿಂದ ನೋಡಿದಳು. ಪರದೆಯ ಮೇಲೆ ಎರಡು ದರಗಳಿದ್ದವು.

"ಈ ಕಮ್ಮಿದು ಎಂತದು?"

"ಅದು ಬ್ಯಾಗೇಜ್ ಇಲ್ಲದ ಟಿಕೆಟ್. ಏಳು ಕಿಲೋ ಕೈಚೀಲ ಮಾತ್ರ. ನಮ್ಮವರು ಯಾರೂ ತೆಗೊಳ್ಳುದಿಲ್ಲ ಅದನ್ನು."

"ಮೂರು ಜನರದ್ದು ಸೇರಿದ್ರೆ ಎಷ್ಟು ಉಳೀತದೆ?"

ಹೇಳಿದೆ. ಅವಳು ಮನಸ್ಸಿನಲ್ಲೇ ಏನೋ ಕೂಡಿ ಕಳೆದಳು. "ರಫೀಕಣ್ಣ ಹೇಳಿದ್ರಲ್ಲ, ಗಲ್ಲಿಗೊಂದು ಹಲಾಲ್ ನೂಡಲ್ಸ್ ಅಂಗಡಿ ಉಂಟು ಅಂತ. ಈ ದುಡ್ಡಿಗೆ ನಾಲ್ಕು ದಿನ ಮೂರು ಜನಕ್ಕೆ ಹೊರಗೆ ಊಟ ಆಗ್ತದಾ?"

"ಆಗಿ ಐಸ್‌ಕ್ರೀಮಿಗೂ ಉಳೀತದೆ."

"ಒತ್ತು."

"ಭಾವನನ್ನು ಒಂದು ಮಾತು..."

"ಅವರು ಬಾಗಿಲಲ್ಲೇ ಇದ್ದಾರಲ್ಲ."

ತಿರುಗಿ ನೋಡಿದರೆ ಭಾವ, ಹೆಗಲ ಮೇಲೆ ಟವೆಲು. ಎಲ್ಲ ಕೇಳಿಸಿಕೊಂಡಿದ್ದರು. "ಹ್ಞಾಂ... ನೋಡುವ," ಎಂದು ಹತ್ತಿರ ಬಂದರು. ಅಕ್ಕ ಬೆರಳಿನಿಂದ ಎರಡು ದರಗಳನ್ನೂ ತೋರಿಸಿ ಹೇಳಿದಳು, "ನೀವೇ ಹೇಳಿದ್ದಲ್ವಾ, ಉಳಿತಾಯ."

ಒಬ್ಬ ಅಕೌಂಟೆಂಟಿನ ಮುಂದೆ ಎರಡು ಅಂಕಿ ಇಟ್ಟು, ದೊಡ್ಡದನ್ನು ಆರಿಸಿಕೋ ಎಂದು ಹೇಳುವುದು ಮೀನಿಗೆ ಮರ ಹತ್ತು ಎಂದ ಹಾಗೆ. ನಾನು ಒತ್ತಿದೆ.

"ಬ್ಯಾಗೇಜ್ ಇಲ್ಲ" ಎಂಬುದು ಮಂತ್ರದ ಹಾಗೆ ಕೆಲಸ ಮಾಡಿತು. ಇಲ್ಲ ಎನ್ನಲು ಬಾರದ ಅಕ್ಕ ಈಗ ಟಿಕೆಟ್ಟಿನ ಕೈಯಲ್ಲೇ ಇಲ್ಲ ಎನ್ನಿಸಿದಳು. ಜನ ಮೊದಲು ತಮಾಷೆ ಎಂದುಕೊಂಡರು. ನಿಜವೆಂದು ತಿಳಿದ ಮೇಲೆ ಅವರ ಮುಖದಲ್ಲಿ ಮರುಕ ಬಂತು. ವೀಸಾಕ್ಕೆ ಬೇಕಾದ ಕಾಗದಗಳನ್ನು ಭಾವ ಕಂಪನಿಯಲ್ಲಿ ಕೇಳುತ್ತಿದ್ದುದಕ್ಕೂ ಇದಕ್ಕೂ ಗಂಟು ಹಾಕಿ, ಜಯಕರನ ಕೆಲಸ ಹೋಗಿದೆಯಂತೆ ಎಂಬ ಮಾತು ಅಲ್ ಬರ್ಷಾದಿಂದ ದೇರಾಕ್ಕೆ ಮೆಟ್ರೋಗಿಂತ ಬೇಗ ತಲುಪಿತು. ರಫೀಕಣ್ಣ ಭಾವನನ್ನು ಪಾರ್ಕಿಂಗಿಗೆ ಕರೆದುಕೊಂಡು ಹೋಗಿ, "ಜಯಣ್ಣ, ಕಷ್ಟ ಉಂಟಾದ್ರೆ ನನಗೆ ಹೇಳು, ಮುಚ್ಚಿಡಬೇಡ," ಅಂದರಂತೆ. ಕಾರ್ಟನ್ ಇಲ್ಲದೆ ಹೊರಟವನನ್ನು ನಮ್ಮವರು ಓಡಿಹೋಗುವವನೆಂದು ತಿಳಿಯುತ್ತಾರೆ. ಅದರಿಂದ ಭಾವನಿಗೆ ನಿಜವಾಗಿಯೂ ನೋವಾಗಿತ್ತು.

ಆಮೇಲೆ ಕಟಪಾಡಿಯ ಅತ್ತೆಯ ಫೋನು. ಅಕ್ಕ ಸ್ಪೀಕರ್ ಹಾಕಿದಳು. ನಾನು ತಾಲೀಮಿನಲ್ಲಿ ಅತ್ತೆಯಿಂದ ಹೇಳಿಸಿದ ಮಾತು ಒಂದೂ ಬರಲಿಲ್ಲ. ಸುಖ, ದುಃಖ, ನಮಗೆಂತ, ಯಾವುದೂ ಇಲ್ಲ. ಅತ್ತೆ ನೇರ ವಿಷಯಕ್ಕೆ ಬಂದರು. "ಚೀನಾದ ಕೊಡೆ ಗಟ್ಟಿ ಇರ್ತದಂತೆ. ನಂಗೆರಡು ತಾ. ಮತ್ತೆ ದೇವರ ಕೋಣೆಗೆ ಬಣ್ಣದ ಲೈಟು."

ಅಕ್ಕ ಉಸಿರೆಳೆದುಕೊಂಡಳು. "ಬ್ಯಾಗೇಜ್ ಇಲ್ಲ ಅತ್ತೆ. ನಾನೇ ಬೇಡ ಹೇಳಿದ್ದು."

ಆ ಕಡೆ ಮಳೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ಭಾವ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಬ್ಯಾಗೇಜ್ ಇಲ್ಲದ ಟಿಕೆಟ್ ಸಹ ಉಂಟಾ?" ಎಂದರು ಅತ್ತೆ. "ಹಾಗಾದ್ರೆ ಕೈಬೀಸಿಕೊಂಡು ಹೋಗಿ ಬಾ." ಅದು ಸಿಟ್ಟೋ ಹಾರೈಕೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಅತ್ತೆಯ ರಾಗ ಗೊತ್ತು ಎಂದುಕೊಂಡಿದ್ದವನಿಗೆ ಆ ಒಂದು ವಾಕ್ಯದ ರಾಗ ಸಿಗಲೇ ಇಲ್ಲ.

ಹೊರಡುವ ದಿನ ಮಧ್ಯಾಹ್ನ ಮೂವರ ಕೈಚೀಲಗಳು ಬಾಗಿಲ ಬಳಿ ಸಾಲಾಗಿ ಕೂತಿದ್ದವು. ಅಕ್ಕ ಒಂದೊಂದನ್ನೇ ತೂಗುಕೊಕ್ಕೆಗೆ ಹಾಕಿ ನೋಡಿದಳು. ಭಾವನ ಚೀಲ ಎತ್ತುವಾಗ ಅವಳ ಕೈ ಜಗ್ಗಿತು. ಕೆಳಗಿಟ್ಟು ಜಿಪ್ ಎಳೆದಳು. ಎರಡು ಅಂಗಿಗಳ ಕೆಳಗೆ, ಲುಂಗಿಯಲ್ಲಿ ಸುತ್ತಿದ ಪುಟ್ಟ ಕುಕ್ಕರ್. ಹೊಸದು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅದರೊಳಗೆ ತುಂಬಿದ ಕುಚ್ಚಲಕ್ಕಿ.

ರೂಮಿನಿಂದ ಬೆಲ್ಟು ಹಾಕಿಕೊಳ್ಳುತ್ತ ಬಂದ ಭಾವ ಅಲ್ಲೇ ನಿಂತರು. ಈ ಸಲ ಗೇಟಿನ ಸದ್ದು ಬರಲಿಲ್ಲ, ಮಾತು ನೇರ ಬಂತು.

"ನಿನ್ನ ಹತ್ರ ಮಾಡಿಸ್ಬೇಕು ಅಂತ ಅಲ್ಲ ಸುಜಿ. ದೇರಾದಲ್ಲಿ ಒಂದು ರೂಮಿಗೆ ಎಂಟು ಜನ ಇದ್ದೆವಲ್ಲ, ನಾನು, ರಫೀಕ್ ಎಲ್ಲ. ಸಂಬಳ ತಡ ಆದ ತಿಂಗಳು ಕುಕ್ಕರಿನಲ್ಲಿ ಗಂಜಿ ಉಂಟು ಅಂತ ಗೊತ್ತಿದ್ರೆ ನಿದ್ದೆ ಬರ್ತಿತ್ತು. ನಾನೇ ಬೇಯಿಸಿ ಎಲ್ಲರಿಗೆ ಬಡಿಸ್ತಿದ್ದೆ. ಈಗ ಸಹ ಅದಿಲ್ಲದೆ ಗೊತ್ತಿಲ್ಲದ ಊರಿಗೆ ಹೋಗ್ಲಿಕ್ಕೆ ನನಗೆ ಹೆದರಿಕೆ ಆಗ್ತದೆ."

ಅವರ ಗಂಟಲಿನ ಗೇಟನ್ನು ನೂರಾರು ಸಲ ತೆರೆದು ಮುಚ್ಚಿ ಜನರನ್ನು ನಗಿಸಿದವನು ನಾನು. ಅದರ ಒಳಗೆ ಇಂಥದ್ದೊಂದು ರೂಮು ಇದೆಯೆಂದು ಅಂದಾಜೂ ಇರಲಿಲ್ಲ.

ಅಕ್ಕ ಕುಕ್ಕರನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ಹೆದರಿಕೆ ಆದ್ರೆ ನನ್ನ ಕೈ ಹಿಡ್ಕೊಳ್ಳಿ," ಎಂದಳು ಭಾವನಿಗೆ. "ಕುಕ್ಕರ್ ಬೇಡ."

ಅಷ್ಟು ಹೇಳಿ ಅಂಗಿಗಳನ್ನು ಮತ್ತೆ ಮಡಚಿ ಚೀಲದಲ್ಲಿಟ್ಟಳು. ಲುಂಗಿಯನ್ನೂ ಇಟ್ಟಳು.

ಏರ್‌ಪೋರ್ಟಿನಲ್ಲಿ ಭಾವ ಅಭ್ಯಾಸಬಲದಿಂದ ಟ್ರಾಲಿ ತಂದರು. ಅದರ ಮೇಲಿಡಲು ಏನೂ ಇರಲಿಲ್ಲ. ಖಾಲಿ ಟ್ರಾಲಿಯನ್ನು ಸ್ವಲ್ಪ ದೂರ ತಳ್ಳಿಕೊಂಡು ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಂಬದ ಪಕ್ಕ ಬಿಟ್ಟುಬಂದರು.

ಅವರು ವಾಪಸಾದ ಸಂಜೆ ಕರೆತರಲು ಹೋದವನೂ ನಾನೇ. ಐದನೇ ಪ್ರಯತ್ನದಲ್ಲಿ ಪಾಸಾದ ಲೈಸೆನ್ಸಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇಕಿರಲಿಲ್ಲ. ಕಾರು ಹತ್ತಿದ ಕೂಡಲೇ ಅನ್ವಿ ವರದಿ ಒಪ್ಪಿಸಿದಳು. ಪಪ್ಪ ಬೆಳಿಗ್ಗೆ ಚಹಾದ ಜೊತೆ ಕೊಡುವ ಬುಟ್ಟಿ ಬುಟ್ಟಿ ತಿಂಡಿ ತಿಂದು ಬೆಲ್ಟಿನ ತೂತು ಬದಲಿಸಿದ್ದಾರೆ. ಅಮ್ಮ ಒಂದು ದಿನ ಹತ್ತು ಗಂಟೆಯವರೆಗೆ ಮಲಗಿದ್ದಾಳೆ. ಸಂಜೆ ನದಿಯ ಪಕ್ಕದ ಪಾರ್ಕಿನಲ್ಲಿ ಆ ಊರಿನ ಹೆಂಗಸರು ಹಾಡು ಹಾಕಿ ಸಾಲಾಗಿ ಕುಣಿಯುತ್ತಿದ್ದರು. "ಆ್ಯಂಡ್ ಮಾಮ, ಅಮ್ಮ ಡ್ಯಾನ್ಸ್ಡ್. ಲಾಸ್ಟ್ ಲೈನ್‌ನಲ್ಲಿ. ಟ್ವೈಸ್."

"ಹೌದಾ ಅಕ್ಕ?"

"ಯಾರೂ ಬಾ ಹೇಳ್ಲಿಲ್ಲ, ಯಾರೂ ಹೋಗು ಹೇಳ್ಲಿಲ್ಲ," ಅಂದಳು ಅಕ್ಕ ಮುಂದಿನ ಸೀಟಿನಿಂದ. ಅವಳ ದನಿಯಲ್ಲಿ ಏನೋ ಒಂದು ಹೊಸದಿತ್ತು. ಅದೇನೆಂದು ಹಿಡಿಯಲು ನಾನು ಪ್ರಯತ್ನಿಸಲಿಲ್ಲ.

ಶೇಖ್ ಜಾಯೆದ್ ರಸ್ತೆಯಲ್ಲಿ ವಾಹನಗಳು ಒತ್ತಾಗಿ ನಿಂತು ನಿಂತು ಸಾಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಅರೆನಿದ್ದೆಯಲ್ಲಿದ್ದ ಭಾವ ಕಣ್ಣು ತೆರೆದು, ವರ್ಷಗಳ ರೂಢಿಯಂತೆ ಕೇಳಿದರು, "ಸುಜಿ, ರಾತ್ರಿ ಊಟಕ್ಕೆ ಎಂತ ಮಾಡುದು?"

ಅಕ್ಕ ತಿರುಗಿ ಅವರನ್ನು ನೋಡಿದಳು. ಜಗಳದ ಮುಖವಲ್ಲ, ತಮಾಷೆಯದೂ ಅಲ್ಲ; ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಮುಖ.

"ಎಂತ ಮಾಡ್ತೀರಿ?" ಎಂದು ಕೇಳಿದಳು.

ನಾನು ಕನ್ನಡಿಯಲ್ಲಿ ಭಾವನನ್ನು ನೋಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಒಂದು ಎಕ್ಸಿಟ್ ಹೋಯಿತು, ಇನ್ನೊಂದು ಹೋಯಿತು. ಅಲ್ ಬರ್ಷಾದ ಬೋರ್ಡು ಕಾಣಿಸಿದ ಮೇಲೆ ಅವರು ಹೇಳಿದರು, "ಗಂಜಿ ಮಾಡ್ತೇನೆ."

"ಉಪ್ಪು ನೋಡಿ ಹಾಕಿ," ಎಂದಳು ಅಕ್ಕ, ಸೀಟನ್ನು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿದಳು.